ಸೌಟಿನ ಹಿಡಿಯ ಮೂಗು

ನನ್ನ ಅಮ್ಮನ ಫೋಟೋ ಒಂದೂ ಇಲ್ಲ. ಆಕೆ ತೀರಿಕೊಂಡಾಗ ನಾನು ತೀರಾ ಚಿಕ್ಕವಳು. ಆಮೇಲೆ ನನ್ನನ್ನು ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದರು. ಫ್ರ್ಯಾಂಕ್ಲಿ, ಮುಖ ನೆನಪಿಲ್ಲ. ಒದ್ದೆ ಕೂದಲು, ಬಗ್ಗಿದ ಬೆನ್ನು, ಅಷ್ಟೇ. ಆ ಮುಖವನ್ನು ಬಲ್ಲವಳೆಂದು ಉಳಿದಿದ್ದವಳು ಬೈಂದೂರಿನಲ್ಲಿದ್ದ ನನ್ನ ಅಕ್ಕ ಒಬ್ಬಳೇ. ಅವಳೋ ಅಮ್ಮನ ಸುದ್ದಿಯನ್ನೇ ಎತ್ತುವವಳಲ್ಲ. ಕೇಳಿದರೆ, "ಇದ್ದಿತ್, ಹೋಯ್ತ್. ಈಗ ಎಂತಕ್ಕೆ ಅದೆಲ್ಲ?" ಎಂದು ಮಾತು ಮುಗಿಸುತ್ತಿದ್ದಳು.

ಎರಡು ಸಾವಿರದ ಇಸವಿಯ ಆಚೀಚೆ, ರಿಟೈರಾದ ಮೇಲೆ, ನನಗೆ ಗುಜರಿಯಿಂದ ವಾಲ್ ಆರ್ಟ್ ಮಾಡುವ ಹುಚ್ಚು ಹತ್ತಿತು. ಬ್ರಹ್ಮಾವರದ ಗುಜರಿ ಅಂಗಡಿಯಿಂದ ತಗಡು, ಹಂಗಾರಕಟ್ಟೆಯಿಂದ ಹಳೇ ದೋಣಿಯ ಮೊಳೆ, ಹಲಗೆಯ ಚೂರು. ಮೊದಲು ಮೀನು, ಏಡಿ, ಹುಂಜ ಮಾಡಿದೆ. ಕೈ ಪಳಗಿದ ಮೇಲೆ ಅಮ್ಮನ ಮುಖಕ್ಕೆ ಕೈ ಹಾಕಿದೆ. ಜಜ್ಜಿದ ಅಲ್ಯೂಮಿನಿಯಂ ಮುಚ್ಚಳದ ಕೆನ್ನೆ, ಹರಿದ ಬಲೆಯ ಕೂದಲು, ಅದರದ್ದೇ ತುರುಬು, ಸೋಡಾ ಬಾಟಲಿ ಮುಚ್ಚಳದ ಕಣ್ಣು. ಮೂಗಿಗೆ ಮುರಿದ ಸೌಟಿನ ಹಿಡಿ. ನೆನಪಿಲ್ಲದ್ದನ್ನೆಲ್ಲ ಗೆಸ್ ಮಾಡಿದೆ. ಚಾವಡಿಯ ಗೋಡೆಗೆ ಹಾಕಿ, ಅಕ್ಕನಿಗೆ ಬರಲು ಫೋನ್ ಮಾಡಿದೆ.

ಅಕ್ಕನಿಗಿಂತ ಮೊದಲು ನೋಡಿದವಳು ಮೀನಿನವಳು. ಬುಟ್ಟಿ ಇಳಿಸಿ ಒಳಗೆ ಇಣುಕಿದಳು.

"ಹ್ವಾಯ್ ಅಮ್ಮಾ, ದೃಷ್ಟಿಬೊಂಬೆ ಲಾಯ್ಕ್ ಆಯ್ತ್! ಆದ್ರೆ ಒಳ್ಗ್ ಎಂತಕ್ಕೆ ಕಟ್ಟಿದ್ರಿ? ದೃಷ್ಟಿ ಹೊರ್ಗಿಂದ ಅಲ್ದಾ ಬಪ್ಪುದ್?"

"ಅದು ನನ್ನ ಅಮ್ಮ ಮಾರಾಯ್ತಿ."

"ಅಯ್ಯೋ ದೇವ್ರೆ!" ಎಂದು ಕೆನ್ನೆ ಬಡಿದುಕೊಂಡಳು. ಆದರೂ ಬಿಡಲಿಲ್ಲ. "ನಮ್ಮ ಹೊಸ ಮನಿಗೆ ಸ್ಲ್ಯಾಬ್ ಆಯ್ತ್. ನಂಗೂ ಒಂದ್ ಮಾಡಿ ಕೊಡಿ. ಹಲ್ಲ್ ಮಾತ್ರ ಉದ್ದ ಇರ್ಲಿ."

ಸ್ವಲ್ಪ ಹರ್ಟ್ ಆಯಿತು. ಬಾಚಣಿಗೆಯ ಹಲ್ಲಿಟ್ಟು ಅವಳಿಗೊಂದು ಮಾಡಿಕೊಟ್ಟೆ. ಅದನ್ನು ಮನೆಯ ಮುಂದೆ ಕಟ್ಟಿಕೊಂಡು ಖುಷಿಪಟ್ಟಳು. ಆದರೆ ನನ್ನ ಧೈರ್ಯ ಹೋಗಿತ್ತು. ಮುಖ ಬಲ್ಲ ಅಕ್ಕನೂ ಅಮ್ಮನನ್ನು ಗುರುತಿಸದಿದ್ದರೆ? ಗೋಡೆಯಿಂದ ತೆಗೆಯೋಣ ಎಂದುಕೊಳ್ಳುವಷ್ಟರಲ್ಲಿ ಅಕ್ಕ ಬಸ್ಸಿಳಿದು ಬಂದೇಬಿಟ್ಟಳು.

ಚಪ್ಪಲಿ ಬಿಟ್ಟು ಒಳಗೆ ಬಂದವಳು ಗೋಡೆ ನೋಡಿ ನಿಂತಳು. ಯಾರೆಂದು ನಾನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕಾಫಿ ತಂದೆ, ಮುಟ್ಟಲಿಲ್ಲ.

"ಅಮ್ಮನ ಮೂಗ್ ಇಷ್ಟ್ ಸಮ ಇರ್ಲಿಲ್ಲೆ," ಎಂದಳು ಕೊನೆಗೆ. "ಎಡಕ್ಕೆ ಸೊಟ್ಟ. ಸಣ್ಣದಿಪ್ಪತಿಗೆ ಬಾವಿಕಟ್ಟೆ ಮೇಲೆ ಬಿದ್ದದ್ದಂಬ್ರ್. ಸುತ್ತಿಗೆ ಎಲ್ಲಿತ್ತ್?"

ಓದು ಬರಹ ಬಾರದ ನನ್ನ ಅಕ್ಕ, ಡ್ರಾಯಿಂಗ್ ಟೀಚರಾಗಿದ್ದ ನಾನು ತಂದ ಸುತ್ತಿಗೆಯನ್ನು ಕೈಯಿಂದ ಕಿತ್ತುಕೊಂಡು ಸೌಟಿನ ಹಿಡಿಗೆ ಎರಡೇಟು ಕೊಟ್ಟಳು. ಬಾಗಿಲವರೆಗೆ ಹಿಂದೆ ಸರಿದು ನೋಡಿದಳು.

"ಹಾಂ. ಈಗ ಸ್ವಲ್ಪ ಅಮ್ಮ ಆಯ್ತ್. ಕಣ್ಣ್ ಇಷ್ಟ್ ದೊಡ್ಡದಲ್ಲ. ನಗಾಡುವತಿಗೆ ಪೂರಾ ಮುಚ್ಚಿ ಹೋಪುದ್."

"ಅಮ್ಮ ನಗಾಡ್ತಿತ್ತಾ ಅಕ್ಕ?"

"ನಗಾಡದೆ? ಅಪ್ಪಯ್ಯ ಬೈದ್ರೂ ನಗಾಡುದೇ. ತುರ್ಬ್ ಕೂಡ ಹಿಂಗಲ್ಲ ಕಾಣ್, ಇನ್ನೂ ಕೆಳ್ಗ್."

ನಾನು ಸ್ಕ್ರೂಡ್ರೈವರ್ ತಂದು ಸ್ಟೂಲ್ ಹತ್ತಿದೆ. ಅಕ್ಕ ಕೆಳಗೆ ಕುಳಿತು ಹೇಳುತ್ತಲೇ ಹೋದಳು. ಅವಳ ಬೈಂದೂರು ಬಸ್ಸಿನ ಹಾರ್ನ್ ಕೇಳಿಸಿತು. ಅವಳು ಏಳಲಿಲ್ಲ, ನಾನೂ ನೆನಪಿಸಲಿಲ್ಲ.