ಒಂಬತ್ತನೆಯ ನಂಬರಿನ ಬಿಲ್ಲೆ

ಒಂದು ತಿಂಗಳ ಹಿಂದೆ ನಾನು ಹರಾಜಿನಲ್ಲಿ ಇಪ್ಪತ್ತೆರಡು ಜವಾನರನ್ನು ಕೊಂಡುಕೊಂಡೆ.

ಗಾಬರಿಯಾಗಬೇಡಿ. ಮನುಷ್ಯರನ್ನಲ್ಲ, ಅವರು ಎದೆಯ ಮೇಲೆ ಹಾಕಿಕೊಳ್ಳುತ್ತಿದ್ದ ಬಿಲ್ಲೆಗಳನ್ನು. ಹಳೆಯ ಕಂಚಿನವು. ಅಂಗೈ ಅಗಲ, ಮೊಟ್ಟೆಯ ಆಕಾರ, ನಡುವೆ ಉರ್ದುವಿನಲ್ಲಿ ಕಚೇರಿಯ ಹೆಸರು, ಅದರ ಕೆಳಗೆ ಒಂದು ನಂಬರು. ನಿಜಾಮರ ಕಾಲದಲ್ಲಿ ಈ ಬಿಲ್ಲೆ ಕಂಡರೆ ಊರ ಪಟೇಲನೂ ಎದ್ದು ನಿಲ್ಲುತ್ತಿದ್ದ. ಈಗ ನಾವು ಮೈಸೂರು ರಾಜ್ಯದವರು. ಹೊಸ ಬಿಲ್ಲೆ ಬಂದಿದೆ. ಹೊಳೆಯುವ ಹಿತ್ತಾಳೆಯದು, ಕನ್ನಡ ಅಕ್ಷರದ್ದು. ಹಳೆಯದು ಯಾರಿಗೆ ಬೇಕು?

ನನಗೆ ಬೇಕು!

ಈ ಅಂಕಣ ಓದುವವರಿಗೆ ನನ್ನ ಚಟ ಹೊಸದಲ್ಲ. ಮಾಸ್ತರಿಕೆ ನನ್ನ ಹೊಟ್ಟೆಪಾಡು, ಹಳೆಯ ಕಂಚು ನನ್ನ ಹುಚ್ಚು. ಯಾವುದೋ ದರಬಾರಿನಲ್ಲಿ ಹಂಚಿದ ಪದಕ, ಕೈ ಮುರಿದ ದೀಪದ ಹೆಣ್ಣು, ನಾಲಗೆಯಿಲ್ಲದ ಗಂಟೆ. ನೌಬಾದಿನ ನಮ್ಮ ಮನೆಯಲ್ಲಿ ಇಂಥವೇ ಎರಡು ಟ್ರಂಕು ತುಂಬಿವೆ. (ಮೂರನೆಯ ಟ್ರಂಕಿನಲ್ಲಿ ಬಟ್ಟೆಗಳಿವೆ. ಅದರ ಮೇಲೂ ನನ್ನ ಕಣ್ಣಿದೆ ಎಂದು ಮನೆಯವಳಿಗೆ ಅನುಮಾನ.)

ಹೀಗಿರುವಾಗ ಬೀದರಿನ ಒಂದು ಹಳೆಯ ಕಚೇರಿಯ ಅಂಗಳದಲ್ಲಿ ಲಿಲಾವು ಇದೆ ಎಂದು ಗೊತ್ತಾಯಿತು. ಯಾವ ಕಚೇರಿ ಎಂದು ಹೇಳಲಾರೆ. ನನಗೂ ಸರ್ಕಾರಿ ನೌಕರಿ ಇದೆ. ಮುರುಕು ಕುರ್ಚಿ, ಸೀಳಿದ ಪಂಖ, ಮಸಿ ಕುಡಿಕೆಗಳು, ತುಕ್ಕು ಹಿಡಿದ ಬೀಗಗಳು. ಅವುಗಳ ನಡುವೆ ಗೋಣಿಚೀಲದ ಮೇಲೆ ಸುರಿದಿದ್ದ ಬಿಲ್ಲೆಗಳು.

ಹರಾಜು ಕೂಗುವವರು ಹಳೆಯ ಗುಮಾಸ್ತರು. ಉರ್ದುವಿನಲ್ಲೇ ಬದುಕು ಸವೆಸಿದವರು. ರೂಢಿಯಂತೆ "ಏಕ್ ಬಾರ್" ಎಂದು ಎತ್ತಿದರು. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಸಾಹೇಬರು ಕುರ್ಚಿಯಲ್ಲಿ ಕದಲಿದರು.

"ಕನ್ನಡದಲ್ಲಿ ಕೂಗ್ರೀ, ಕನ್ನಡದಲ್ಲಿ."

ಗುಮಾಸ್ತರು ಬೆವರು ಒರೆಸಿಕೊಂಡರು. "ಒಂದು ಸಲ... ದೋ ಸಲ..." ಎಂದುಬಿಟ್ಟರು. ಅಂಗಳವೆಲ್ಲ ನಕ್ಕಿತು. ಸಾಹೇಬರೂ ನಕ್ಕರು. ಎರಡು ರಾಜ್ಯಗಳು ಕೂಡುವುದೆಂದರೆ ಹೀಗೆಯೇ ಇರಬೇಕು.

ನನಗೆ ಎದುರಾಳಿ ಒಬ್ಬನೇ. ಉದಗೀರದ ಮೋಡಕಾ ವ್ಯಾಪಾರಿ, ಅಂದರೆ ಗುಜರಿಯವನು. ನಿನ್ನೆ ಮೊನ್ನೆಯವರೆಗೆ ನಮ್ಮ ಜಿಲ್ಲೆಯವನೇ. ಜಿಲ್ಲೆ ಮೂರು ಪಾಲಾದ ಮೇಲೆ ಅವನೀಗ ಮುಂಬಯಿ ರಾಜ್ಯದವನು! ಅವನಿಗೆ ಬೇಕಾಗಿದ್ದು ಬರೀ ತೂಕ. ಕರಗಿಸಿ ಆಡುಗಳ ಕೊರಳ ಗಂಟೆ ಎರಕ ಹೊಯ್ಯುವವರಿಗೆ ಮಾರುತ್ತಾನಂತೆ. ಅವನು ಏರಿಸಿದ, ನಾನೂ ಏರಿಸಿದೆ. ಕೊನೆಗೆ ಅವನು ನನ್ನ ಮುಖ ನೋಡಿ, ಇವನಿಗೆ ತಲೆ ಸರಿಯಿಲ್ಲ ಎಂಬಂತೆ ಕೈ ಬೀಸಿ ಪಂಖದ ಕಡೆ ಹೋದ.

ಗೆದ್ದೆ. ಕಚೇರಿಯ ಬೇವಿನ ಮರದ ಕೆಳಗೆ ಕುಳಿತು ನಂಬರಿನ ಪ್ರಕಾರ ಜೋಡಿಸತೊಡಗಿದೆ. ಒಂದರಿಂದ ಇಪ್ಪತ್ತಮೂರು. ಒಂಬತ್ತು ಮಾತ್ರ ಇಲ್ಲ. ಸಂಗ್ರಹ ಮಾಡುವವರನ್ನು ಕೇಳಿ ನೋಡಿ, ಇರುವ ಇಪ್ಪತ್ತೆರಡರ ಸುಖಕ್ಕಿಂತ ಇಲ್ಲದ ಒಂದರ ಸಂಕಟ ದೊಡ್ಡದು.

"ಒಂಬತ್ತ್ ಅದರಾಗ ಸಿಗೂದಿಲ್ರಿ ಮಾಸ್ತರ್."

ತಲೆಯೆತ್ತಿ ನೋಡಿದೆ. ಹೆಗಲ ಮೇಲೆ ಕಂಬಳಿ, ತಲೆಗೆ ರುಮಾಲು, ಎಪ್ಪತ್ತರ ಹತ್ತಿರದ ಮುದುಕರು. ಬೆನ್ನು ಮಾತ್ರ ಸಾಹೇಬರ ಎದುರು ನಿಂತವರ ಹಾಗೆ ನೆಟ್ಟಗೆ. ಹೆಸರು ಮಾಳಪ್ಪ. ಭಾಲ್ಕಿ ತಾಲ್ಲೂಕಿನ ಭಾತಂಬ್ರಾದವರು. ಕುರಿ ಕಾಯುವ ಮನೆತನ. ಇಪ್ಪತ್ತೆಂಟು ವರ್ಷ ಇದೇ ಕಚೇರಿಯಲ್ಲಿ ಜವಾನರಾಗಿದ್ದವರು. ಬಿಲ್ಲೆಗಳನ್ನು ಮಾರುತ್ತಾರೆಂದು ತಿಳಿದು, ಒಂದು ಸಲ ನೋಡಿ ಹೋಗೋಣವೆಂದು ಬಂದಿದ್ದರು.

ಅವರು ನನ್ನೆದುರು ಕುಕ್ಕರಗಾಲಲ್ಲಿ ಕುಳಿತರು. ಒಂದೊಂದೇ ಬಿಲ್ಲೆ ಕೈಗೆತ್ತಿಕೊಂಡರು.

"ಇಂವ ಯಾರ್ ಗೊತ್ತೇನ್ರಿ? ಸಾಯಗಾಂವದ ಶಿವರಾಯ. ಸಾಹೇಬ್ರ ಕುದುರಿ ಬಿಟ್ರ ಅಂವನೇ ಜೋರ್ ಓಡಾಂವ. ಇದು ಫಕೀರಸಾಬಂದು. ಏನ್ ಹಾಡ್ತಿದ್ದ ಅಂತೀರಿ! ಸಾಹೇಬ್ರು ದೌರಾಕ್ಕ ಹೋದ್ರ ಕಚೇರಿ ತುಂಬಾ ಅಂವಂದೇ ದನಿ. ಇದು ಮಾಣಿಕಂದು. ಭಾಳ ಅಂಜುಬುರುಕ. ಜಪ್ತಿ ನೋಟೀಸ್ ಕೊಡಾಕ ಹೋಗಿ, ಆ ಮನಿಯವರ ಜೋಡಿ ಕುಂತು ತಾನೂ ಅತ್ತ್ ಬಂದಿದ್ದ."

ಮಾಳಪ್ಪನವರಿಗೆ ಓದು ಬರುವುದಿಲ್ಲ. ಬಿಲ್ಲೆಯ ಮೇಲಿನ ಉರ್ದು ನಂಬರು ಮಾತ್ರ ಗುರುತು. ಉರ್ದು, ಕನ್ನಡ, ಮರಾಠಿ ಮೂರೂ ಬಲ್ಲ ನನಗೆ ಆ ಬಿಲ್ಲೆಗಳಲ್ಲಿ ಕಂಡದ್ದು ಕಚೇರಿಯ ಹೆಸರು ಮತ್ತು ಒಂದು ಅಂಕಿ. ಅವರಿಗೆ ಇಪ್ಪತ್ತೆರಡು ಮುಖಗಳು. ನಾಲ್ಕನೆಯ ನಂಬರು ಬಂದಾಗ "ಇದು ನಂದು" ಎಂದು ಉಳಿದವುಗಳ ಹಾಗೆಯೇ ಪಕ್ಕಕ್ಕಿಟ್ಟರು.

"ಕಾಕಾ, ನಿಮ್ಮದು ನೀವು ತಗೊಳ್ರಿ" ಎಂದೆ.

"ಬ್ಯಾಡ್ರಿ. ಇಪ್ಪತ್ತೆಂಟ್ ವರ್ಷ ಎದಿ ಮ್ಯಾಲ ಹೊತ್ತೇನಿ. ಈಗೊಂದೀಟು ಹಗುರ ಅನಸ್ತದ."

"ಹಂಗಾರ ಒಂಬತ್ತು?"

ಮಾಳಪ್ಪ ಸುತ್ತ ನೋಡಿದರು. ಸಾಹೇಬರು ಹೋಗಿಯಾಗಿತ್ತು. ಆದರೂ ದನಿ ತಗ್ಗಿಸಿದರು.

"ಒಂಬತ್ತು ಹೊಳ್ಯಾಗ ಹೋತು ಅಂತ ನಾನೇ ಬರ್ಸಿ ಹೆಬ್ಬಟ್ಟ್ ಒತ್ತೇನ್ರಿ. ಅದು ಸುಳ್ಳು. ಆ ಸರ್ಕಾರನೇ ಈಗಿಲ್ಲ, ಇನ್ನ ಯಾರಿಗಿ ಅಂಜೂದು? ಹೇಳೇಬಿಡ್ತೇನಿ, ಕೇಳ್ರಿ."

ಒಂಬತ್ತನೆಯ ನಂಬರು ಔರಾದಿನ ಲಕ್ಷ್ಮಣನದು. ಮಾಳಪ್ಪನವರ ಜೋಡಿದಾರ. ಒಂದು ಮಳೆಗಾಲ ಮಾಂಜ್ರಾ ನದಿಯ ಆಚೆಯ ಹಳ್ಳಿಯಲ್ಲಿ ಕಾಲರಾ ಎದ್ದಿತು. ಆಚೆ ದಂಡೆಯ ದವಾಖಾನೆಯವರು ಔಷಧ ತೆಗೆದುಕೊಂಡು ಕೂಡಲೇ ಆ ಹಳ್ಳಿಗೆ ಹೋಗಬೇಕೆಂದು ಕಚೇರಿಯಿಂದ ಹುಕುಂ ಹೊರಟಿತು. ಹೊತ್ತವನು ಲಕ್ಷ್ಮಣ. ಹೊಳೆ ತುಂಬಿತ್ತು. ಅಂಬಿಗರು ದೋಣಿ ಬಿಡಲಿಲ್ಲ. ಲಕ್ಷ್ಮಣ ಕಾಗದವನ್ನು ಮೇಣಬಟ್ಟೆಯಲ್ಲಿ ಸುತ್ತಿ ತಲೆಗೆ ಕಟ್ಟಿಕೊಂಡು ನೀರಿಗಿಳಿದ. ಈಜಿ ದಾಟಿದ. ಹುಕುಂ ಮುಟ್ಟಿಸಿದ.

ಅಲ್ಲಿಗೆ ಅವನ ಕೆಲಸ ಮುಗಿದಿತ್ತು, ಅಲ್ಲವೇ? ಜವಾನನ ಕೆಲಸ ಕಾಗದ ಮುಟ್ಟಿಸುವುದು. ಆದರೆ ಲಕ್ಷ್ಮಣ ಔಷಧದವರ ಜೊತೆ ಆ ಹಳ್ಳಿಗೂ ಹೋದ. ನೀರು ಕಾಯಿಸಿ ಕೊಡಲು ಜನ ಇಲ್ಲವೆಂದು ಅಲ್ಲೇ ನಿಂತ. ಬೇರೆ ದಿನಗಳಲ್ಲಿ ಅವನನ್ನು ಅಂಗಳಕ್ಕೂ ಬಿಡದಿದ್ದ ಮನೆಗಳೊಳಗೆ ಹೋಗಿ ರೋಗಿಗಳಿಗೆ ನೀರು ಕುಡಿಸಿದ. ನಾಲ್ಕನೆಯ ದಿನ ಅವನಿಗೇ ಕಾಲರಾ ತಗುಲಿತು. ಹೊಳೆ ಇಳಿದ ಮೇಲೆ ಅವನನ್ನು ಕರೆತರಲು ಹೋದವರು ಮಾಳಪ್ಪ.

"ನಾ ಹೋದಾಗ ಜೀವ ಇತ್ರಿ. ಬಿಲ್ಲಾ ಬಿಚ್ಚಿ ನನ್ನ ಕೈಯಾಗ ಕೊಟ್ಟ. ಕಚೇರಿಗಿ ಕೊಡು ಮಾಳ್ಯಾ, ಸರ್ಕಾರದ್ದದ ಅಂದ. ಅದೇ ಕಡಿ ಮಾತು. ನಾ ಕಚೇರಿಗಿ ಕೊಡ್ಲಿಲ್ಲ. ಅಂವನ ಹೆಣ್ತಿ ಕೈಯಾಗ ಕೊಟ್ಟೆ. ಲಕ್ಷ್ಮಣ ನಿನಗ ಕಳಿಸ್ಯಾನ, ಇಟ್ಕೋ ತಂಗಿ ಅಂದೆ. ಸರ್ಕಾರಕ್ಕೂ ಸುಳ್ಳು, ಆಕಿಗೂ ಸುಳ್ಳು. ಸಾಯೋವನ ಮಾತ್ ಮೀರಿದಂಗಾತಲ್ರಿ?"

ಮಕ್ಕಳಿಗೆ ಸತ್ಯವನ್ನೇ ಹೇಳಬೇಕೆಂದು ಪಾಠ ಮಾಡುವ ನಾನು ಬೇವಿನ ಕಡ್ಡಿಯಿಂದ ನೆಲ ಗೀರುತ್ತ ಕುಳಿತೆ. ನಾಚಿಕೆ ಬಿಟ್ಟು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಅಷ್ಟೆಲ್ಲ ಕೇಳಿದ ಮೇಲೂ ನನ್ನ ತಲೆಯ ಒಂದು ಮೂಲೆ ಕೇಳುತ್ತಿತ್ತು: ಹಾಗಾದರೆ ಒಂಬತ್ತು ಔರಾದಿನಲ್ಲಿದೆ!

ಮುಂದಿನ ರವಿವಾರ ಬಸ್ಸು ಹಿಡಿದು ಇಬ್ಬರೂ ಔರಾದಿಗೆ ಹೋದೆವು. "ಎಲ್ಲಾ ಬಿಲ್ಲಾ ತಗೊಂಡ್ ಬರ್ರಿ" ಎಂದು ಮಾಳಪ್ಪ ಮೊದಲೇ ಹೇಳಿದ್ದರು. ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಚೀಲ. ಗುಂಡಿ ಬಂದಾಗಲೆಲ್ಲ ಅದು ಝಣ್ ಎನ್ನುತ್ತಿತ್ತು.

ಬಿಲ್ಲೆಗಳೊಡನೆ ಬರುತ್ತೇವೆಂದು ಮಾಳಪ್ಪ ಲಕ್ಷ್ಮಣನ ಹೆಂಡತಿ ಗಂಗಾಬಾಯಿಗೆ ಮೊದಲೇ ಹೇಳಿಕಳಿಸಿದ್ದರು. ಅವರ ಮನೆ ಸಣ್ಣದು, ಸಾರಿಸಿ ಕನ್ನಡಿ ಮಾಡಿದ್ದರು. ಗೋಡೆಯ ಮೇಲೆ ಹೊಸದಾಗಿ ತೂಗುಹಾಕಿದ ಬುದ್ಧನ ಪಟ. ಈಚೆಗೆ ಆ ಓಣಿಯ ಎಷ್ಟೋ ಮನೆಗಳು ಬುದ್ಧನ ದಾರಿ ಹಿಡಿದಿವೆ. ಪಟದ ಕೆಳಗಿನ ಗೂಡಿನಲ್ಲಿ ಬಿಲ್ಲೆ ಇತ್ತು. ಅವರೇ ತಂದು ನನ್ನ ಅಂಗೈಯಲ್ಲಿಟ್ಟರು.

ಸಂಗ್ರಹಕಾರರ ಮೊದಲ ಪಾಠ ಏನು ಗೊತ್ತೇ? ಹಳೆಯ ಕಂಚನ್ನು ಉಜ್ಜಬಾರದು. ಅದರ ಮೇಲಿನ ಹಸಿರುಗಂದು ಬಣ್ಣವೇ ಅದರ ವಯಸ್ಸಿಗೆ ಸರ್ಟಿಫಿಕೇಟು. ಉಜ್ಜಿದರೆ ಬೆಲೆ ಹೋಯಿತು. ಈ ಬಿಲ್ಲೆ ಚಿನ್ನದ ಹಾಗೆ ಹೊಳೆಯುತ್ತಿತ್ತು. ಅಕ್ಷರಗಳು ಸವೆದು ನುಣುಪಾಗಿದ್ದವು. ಕಚೇರಿಯ ಹೆಸರಿಲ್ಲ, ನಂಬರಿಲ್ಲ. ಬೆರಳಾಡಿಸಿದರೆ ಒಂಬತ್ತಿನ ಕೊಕ್ಕೆ ಇದ್ದ ಜಾಗದಲ್ಲಿ ಸಣ್ಣ ತಗ್ಗು.

"ದಿನಾ ಹುಣಸಿಹಣ್ಣ್ ಹಚ್ಚಿ ತಿಕ್ತೇನ್ರಿ" ಎಂದರು ಗಂಗಾಬಾಯಿ. "ಡ್ಯೂಟಿಗಿ ಹೋಗೂ ಮೊದಲ ಅವರೂ ಹಂಗೇ ತಿಕ್ಕತಿದ್ರು."

ಹರಾಜಿಗಿಟ್ಟರೆ ಇದನ್ನು ಯಾರೂ ಮೂಸುವುದಿಲ್ಲ. ನನ್ನ ಎರಡು ಟ್ರಂಕಿನಲ್ಲಿ ಇದರ ಸಮಕ್ಕೆ ಬರುವ ವಸ್ತು ಒಂದೂ ಇಲ್ಲ.

ಆಗ ಮಾಳಪ್ಪ ಬಾಯಿ ಬಿಟ್ಟರು. ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

"ತಂಗಿ, ಒಂದ್ ಮಾತ್ ಹೇಳೂದದ. ಇದು ಲಕ್ಷ್ಮಣ ನಿನಗ ಕೊಡಂದಿರ್ಲಿಲ್ಲ. ಕಚೇರಿಗಿ ಕೊಡಂದಿದ್ದ. ನಾ ಸುಳ್ಳ್ ಹೇಳಿ ನಿನಗ ಕೊಟ್ಟೆ."

ಗಂಡ ಕೊನೆಗಳಿಗೆಯಲ್ಲಿ ತನ್ನನ್ನು ನೆನೆದು ಕಳಿಸಿದ್ದೆಂದು ಇಷ್ಟು ವರ್ಷ ಕಾಪಾಡಿಕೊಂಡ ವಸ್ತು. ಅದನ್ನು ಹೀಗೆ ಒಂದೇ ಮಾತಿನಲ್ಲಿ ಕಿತ್ತುಕೊಳ್ಳಬಹುದೇ?

ಗಂಗಾಬಾಯಿ ನಕ್ಕರು.

"ನನಗ ಗೊತ್ತದ ಅಣ್ಣಾ."

"ಹ್ಯಾಂಗ?"

"ಅವರು ಕಚೇರಿದು ಒಂದ್ ಗುಂಡಸೂಜಿ ಸೈತ ಮನಿಗಿ ತಂದವರಲ್ಲ. ಬಿಲ್ಲಾ ಹ್ಯಾಂಗ ಕಳಿಸ್ತಾರ? ನೀ ಹೊಸ್ತಿಲ್ದಾಗ ನಿಂತು ಹೇಳಿದ್ ಕೂಡ್ಲೇ ತಿಳೀತು. ಬಾಯಿ ಒಂದ್ ಹೇಳ್ತಿತ್ತು, ಮಾರಿ ಒಂದ್ ಹೇಳ್ತಿತ್ತು. ಬರಿಗೈಲೆ ಬರಾಕ ಮನಸಾಗಿಲ್ಲ ನಿನಗ. ಅದಕ್ಕ ಸುಮ್ಮ ಇಟ್ಕೊಂಡೆ."

ಮಾಳಪ್ಪ ರುಮಾಲಿನಿಂದ ಮುಖ ಮುಚ್ಚಿಕೊಂಡರು. ನೆಟ್ಟಗಿದ್ದ ಆ ಬೆನ್ನು ಮೊದಲ ಸಲ ಬಾಗಿದ್ದನ್ನು ನೋಡಿದೆ. ಗಂಗಾಬಾಯಿ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವರ ಮುಂದಿಟ್ಟರು.

ಬಳಿಕ ನನ್ನ ಚೀಲ ತೋರಿಸಿ ಗಂಗಾಬಾಯಿ "ಉಳದವರು ಬಂದಾರೇನ್ರಿ?" ಎಂದರು. ಮಾಳಪ್ಪ ಕಂಬಳಿ ಹಾಸಿದರು. ಸಾಲಾಗಿ ಇಟ್ಟೆ. ಎಂಟು ಮತ್ತು ಹತ್ತರ ನಡುವೆ ಗಂಗಾಬಾಯಿ ತಮ್ಮದನ್ನು ಇಟ್ಟರು. ಕಂದುಗಟ್ಟಿದ ಇಪ್ಪತ್ತೆರಡರ ನಡುವೆ ಅದೊಂದೇ ಥಳಥಳ. ಮಾಳಪ್ಪ ಮತ್ತೆ ಹೆಸರು ಹೇಳಿದರು. ಫಕೀರಸಾಬನ ಹೆಸರು ಬಂದಾಗ ಗಂಗಾಬಾಯಿ, "ಅವರು ಹಾಡಿದ್ದ ಪದ ಮನ್ಯಾಗ ಬಂದು ನಮ್ಮವರೂ ಹಾಡ್ತಿದ್ರು. ದನಿ ಮಾತ್ರ ಕತ್ತೆದು" ಎಂದರು. ಮೂವರೂ ಮನಸಾರೆ ನಕ್ಕೆವು.

ಆಮೇಲೆ ಅವರು ತಮ್ಮ ಬಿಲ್ಲೆಯನ್ನು ಎತ್ತಿ ಸೆರಗಿನಲ್ಲಿ ಒರೆಸಿ ಗೂಡಿಗೆ ಇಟ್ಟುಬಂದರು. ಅದನ್ನು ಕೊಡಿ ಎಂದು ಕೇಳಲು ನಾನು ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳು ಎಲ್ಲಿ ಹೋದವೋ! ಹೊರಡುವಾಗ ಅವರೇ ನನ್ನನ್ನು ಒಂದು ಮಾತು ಕೇಳಿದರು.

"ಮಾಸ್ತರ್, ಈ ಉಳದವರ ಮನಿ ಎಲ್ಲಾ ಅಣ್ಣಗ ಗೊತ್ತವ. ಅವರ ಮನಿಯವರಿಗಿ ಬೇಕೇನು ಅಂತ ಕೇಳೀರೇನ್ರಿ?"

ಕೇಳಿರಲಿಲ್ಲ. ಯಾವ ಸಂಗ್ರಹಕಾರ ಕೇಳುತ್ತಾನೆ?

ಅಂದಿನಿಂದ ರವಿವಾರ ಬಂದರೆ ನಾನು ಮತ್ತು ಮಾಳಪ್ಪ ಚೀಲ ಹೊತ್ತು ತಿರುಗುತ್ತಿದ್ದೇವೆ. ಫಕೀರಸಾಬನ ಮಗಳು ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡಳು. ಸಾಯಗಾಂವದಲ್ಲಿ ಶಿವರಾಯನ ಸೊಸೆ, "ಇದನ್ನ ತಗೊಂಡ್ ಏನ್ ಮಾಡೂದ್ರಿ? ಅಡಗಿ ಮನ್ಯಾಗ ಜಾಗ ಇಲ್ಲ" ಎಂದು ವಾಪಸು ಕೊಟ್ಟಳು. ಅವಳ ಮಾತೂ ಸುಳ್ಳಲ್ಲ. ಮಾಣಿಕನ ಮನೆಯವರು ಊರು ಬಿಟ್ಟು ಎಲ್ಲಿಗೆ ಹೋದರೋ, ಇನ್ನೂ ಹುಡುಕಬೇಕು. ಬೇಡವೆಂದವರದ್ದು, ಸಿಗದವರದ್ದು ನನ್ನ ಟ್ರಂಕಿನಲ್ಲೇ ಇರುತ್ತವೆ. ಆದರೆ ಈಗ ಒಂದೊಂದರ ಹಿಂದೆಯೂ ಚೀಟಿ ಅಂಟಿಸಿದ್ದೇನೆ. ಚೀಟಿಯಲ್ಲಿ ಹೆಸರು, ಊರು, ಮತ್ತು ಮಾಳಪ್ಪ ಹೇಳಿದ ಒಂದೊಂದು ಮಾತು. ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಲೇ ಎಂದು ಮಾಳಪ್ಪನವರನ್ನೂ ಗಂಗಾಬಾಯಿಯವರನ್ನೂ ಕೇಳಿದೆ. "ಬರೀರಿ. ಲಕ್ಷ್ಮಣನ ಹೆಸರ್ ಮಾತ್ರ ದೊಡ್ಡಕ್ಷರದಾಗ ಹಾಕ್ರಿ" ಎಂದರು ಮಾಳಪ್ಪ. (ಸಂಪಾದಕರೇ, ದಯವಿಟ್ಟು ಗಮನಿಸಿ.)

ಮೊನ್ನೆ ಸಂಬಳದ ಕಾಗದಕ್ಕೆಂದು ಕಚೇರಿಗೆ ಹೋಗಿದ್ದೆ. ಬಾಗಿಲಲ್ಲಿ ಹೊಸ ಬಿಲ್ಲೆಯ ಜವಾನ ನಿಂತಿದ್ದ. ಹನ್ನೆರಡನೆಯ ನಂಬರು, ಚಂದದ ಕನ್ನಡ ಅಕ್ಷರ. ಎರಡು ವರ್ಷದಿಂದ ಅವನನ್ನು ನೋಡುತ್ತಿದ್ದೇನೆ, ನಮಸ್ಕಾರವನ್ನೂ ತೆಗೆದುಕೊಂಡಿದ್ದೇನೆ. ಅವನ ಹೆಸರನ್ನು ಕೇಳಿದ್ದು ಆವತ್ತೇ ಮೊದಲು.

ನಿಮ್ಮ ಊರ ಕಚೇರಿಯ ಬಾಗಿಲಲ್ಲಿ ನಿಂತಿರುವವನ ಹೆಸರು ನಿಮಗೆ ಗೊತ್ತೇ?