ನೆನೆದ ದಿಬ್ಬ

ಎರಡು ವರ್ಷದ ಹಿಂದಿನ ಮೇ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ನಾನು ಕೆರೆ ಏರಿಯ ಮೇಲೆ, ತೂಬಿನ ಕಲ್ಲುಕಂಬದಿಂದ ಐದಾರು ಹೆಜ್ಜೆ ಎಡಕ್ಕೆ ನಿಂತಿದ್ದೆ. ಕ್ಯಾಸಂಬಳ್ಳಿ ರಸ್ತೆಯಿಂದ ಒಳಕ್ಕೆ ಹೋದರೆ ಎರಡು ಬೆಟ್ಟಗಳ ನಡುವೆ ಸಿಗುವ ಕೆರೆ ಅದು. ನನ್ನ ಮುಖ ನೀರಿನ ಕಡೆಗಿರಲಿಲ್ಲ. ಬೆಟ್ಟಗಳ ಸಂದಿಯಲ್ಲಿ ದೂರಕ್ಕೆ ಕಾಣುವ ಕೆಜಿಎಫ್‌ನ ಸೈನೈಡ್ ದಿಬ್ಬದ ಕಡೆಗಿತ್ತು. ಅದನ್ನೇ ನೋಡುತ್ತಿರಬೇಕೆಂದು ತೆಪ್ಪದ ಯಜಮಾನರು ನನಗೆ ಹೇಳಿದ್ದರು. ನನ್ನ ಹೆಂಡತಿ ಆಗ ಕೆರೆಯ ನಡುವೆ, ತೆಪ್ಪದೊಳಗಿದ್ದಳು. ಅವಳಿಗೆ ಈಜು ಬಾರದು.

ದಿಬ್ಬ ನೋಡುವುದು ಯಾಕೆಂದರೆ, ಅದು ಚಿನ್ನ ತೆಗೆದು ಬಿಸಾಡಿದ ನುಣ್ಣನೆ ಮಣ್ಣಿನ ರಾಶಿ. ಗಾಳಿ ಎದ್ದರೆ ಮೊದಲು ಅದರ ನೆತ್ತಿಯಿಂದ ಬಿಳಿ ಧೂಳು ಏಳುತ್ತದೆ. ದಿಬ್ಬದ ಹತ್ತಿರವೇ ಇರುವ ನಮ್ಮ ಕಾರ್ಖಾನೆಯ ಕ್ವಾರ್ಟರ್ಸ್‌ಗೆ ನಾವು ಬಂದ ಮೊದಲ ವಾರವೇ ಪಕ್ಕದ ಮನೆಯವರು ಅದನ್ನು ಕಲಿಸಿದ್ದರು: ದಿಬ್ಬ ಬೆಳ್ಳಗೆ ಎದ್ದರೆ ಒಣಹಾಕಿದ ಬಟ್ಟೆ ಎಳೆದುಕೋ, ನೀರಿನ ಕೊಡ ಮುಚ್ಚು, ಕಿಟಕಿ ಹಾಕು. ಧೂಳು ಎದ್ದ ಸುಮಾರು ಹತ್ತು ನಿಮಿಷಕ್ಕೆ ಆ ಗಾಳಿ ಈ ಕೆರೆಗೆ ಬರುತ್ತದೆಂದು ತೆಪ್ಪದ ಯಜಮಾನರು ಲೆಕ್ಕ ಇಟ್ಟುಕೊಂಡಿದ್ದರು. ಅವರು ಎಮ್ಮೆ ಸಾಕಿಕೊಂಡಿದ್ದ ರೈತರು, ಅರವತ್ತು ದಾಟಿದವರು. ಹಿಂದಿನ ಮಳೆಗಾಲದಲ್ಲಿ ಕೆರೆ ತುಂಬಿ, ನೀರು ಬೇಸಿಗೆಗೂ ಉಳಿದ ಮೇಲೆ ಬಿದಿರಿನ ತೆಪ್ಪಕ್ಕೆ ಟಾರ್ಪಾಲು ಬಿಗಿದು ಮೀನು ಹಿಡಿಯುತ್ತಿದ್ದರು. ಭಾನುವಾರ ನೀರು ನೋಡಲು ಬಂದವರನ್ನು ಒಂದು ಸುತ್ತು ಸುತ್ತಿಸುತ್ತಿದ್ದರು.

ನನ್ನ ಹೆಂಡತಿ ಕೃಷ್ಣೆಯ ದಂಡೆಯ ಊರವಳು. ತೆಪ್ಪ ಕಂಡದ್ದೇ ಅವಳ ಮುಖ ಬೇರೆಯಾಯಿತು. ಯಜಮಾನರು ಅಡುಗೆ ಎಣ್ಣೆಯ ಎರಡು ಖಾಲಿ ಕ್ಯಾನುಗಳನ್ನು ಹಗ್ಗದಲ್ಲಿ ಪೋಣಿಸಿ ಅವಳ ಕೈಗೆ ಕೊಟ್ಟರು.

"ಇದೇನ್ರೀ, ಡಬ್ಬಿ ಕಟ್ಕೊಂಡು ಕೂಡ್ಲಿಕ್ಕೆ ನಾ ಏನ್ ಈಜು ಕಲಿಯಾಕ ಬಂದೀನೇನು? ಹೊಳಿದಂಡ್ಯಾಗ ಹುಟ್ಟಿದಾಕಿ ನಾನು."

"ಒಳೆಗೆ ನಿಮ್ ಪರಿಚಯ ಇರ್ಬೋದು ಕಣಮ್ಮಾ. ನಮ್ ಕೆರೆಗೆ ಇಲ್ವಲ್ಲ. ಕಟ್ಕಳಿ, ಇಲ್ಲಾಂದ್ರೆ ಇಲ್ಲೇ ಕೂತ್ಕಂಡು ನೋಡಿ."

ಅವಳು ನಗುತ್ತಲೇ ಕಟ್ಟಿಕೊಂಡಳು. ಗಂಟು ಸರಿಯಾಗಿದೆಯೋ ಇಲ್ಲವೋ ಎಂದು ಅವರು ಎರಡು ಸಲ ಎಳೆದು ನೋಡಿದರು. ಆಮೇಲೆ ನನಗೆ ಹೇಳಿದರು: "ಸಾ, ನೀವು ದಿಬ್ಬ ನೋಡ್ಕಂಡಿರಿ. ಬೆಳ್ಳಗೆ ಒಗೆ ಎದ್ದಂಗೆ ಕಂಡ್ರೆ ಟವಲ್ ಬೀಸಿ. ನಾನು ತಿರುಗ್ಸ್ಕಂಡು ಬಂದ್ಬಿಡ್ತೀನಿ."

ನಾನು ನೋಡಿದೆ. ಕಣ್ಣು ಕದಲಿಸಲಿಲ್ಲ. ಇದನ್ನು ಈಗಲೂ ಪ್ರಮಾಣ ಮಾಡಿ ಹೇಳಬಲ್ಲೆ. ಧೂಳು ಏಳಲಿಲ್ಲ. ದಿಬ್ಬದ ಬಣ್ಣ ಅಂದು ಬಿಳಿಯಾಗಿರಲಿಲ್ಲ, ಬೂದಾಗಿತ್ತು. ಮೋಡದ ನೆರಳಿರಬೇಕೆಂದುಕೊಂಡೆ.

ಏರಿಯ ಕೆಳಗೆ ಯಜಮಾನರ ಹೆಂಡತಿ ಹುಲ್ಲು ಕೊಯ್ಯುತ್ತಿದ್ದರು. ಕುಡುಗೋಲು ಹಿಡಿದೇ ಮೇಲೆ ಬಂದರು.

"ಸಾ, ಎಮ್ಮೆಗ್ಳು ನೀರಿಂದ ಎದ್ದು ಬತ್ತಾ ಅವೆ. ಗಾಳಿ ಬತ್ತದೆ, ಕೂಗಿ ಅವರ್ನ."

"ದಿಬ್ಬದಲ್ಲಿ ಏನೂ ಇಲ್ಲವಲ್ಲ, ಅಮ್ಮಾ."

"ರಾತ್ರಿ ನಿಮ್ ಕಡೆ ಮಳೆ ಬಂತಾ?"

ಬಂದಿತ್ತು. ಅವರ ಊರಿಗೆ ಒಂದು ಹನಿಯೂ ಬಿದ್ದಿರಲಿಲ್ಲ. ನಮ್ಮ ಕ್ವಾರ್ಟರ್ಸಿನಲ್ಲಿ ಅಡುಗೆಮನೆ ಸೋರಿ ಬಕೆಟ್ ಇಟ್ಟಿದ್ದೆ. ಬೆಳಗ್ಗೆ ಸ್ಕೂಟರಿನ ಕೆಸರು ತೊಳೆದಿದ್ದೆ. ಕೆರೆಯ ಹತ್ತಿರ ಇದ್ದ ನಾಲ್ವರಲ್ಲಿ ಅದು ಗೊತ್ತಿದ್ದವರು ನಾವು ಗಂಡ ಹೆಂಡಿರಿಬ್ಬರೇ. ದಿಬ್ಬ ನೋಡುವ ಕೆಲಸ ನನ್ನದು.

"ನೆಂದ ಹಿಟ್ಟು ಗಾಳೀಗೆ ಏಳ್ತದಾ ಸಾ?" ಎಂದು ಅವರು ನನ್ನ ಹೆಗಲ ಮೇಲಿನ ಟವೆಲನ್ನು ತಾವೇ ಎಳೆದುಕೊಂಡು ಬೀಸಿದರು.

ತೆಪ್ಪ ತಿರುಗಿತು. ಏರಿಗೆ ಇನ್ನೂ ಅರ್ಧ ದೂರ ಇರುವಾಗ ಗಾಳಿ ಬಂತು. ಎರಡು ಬೆಟ್ಟಗಳ ನಡುವೆ ನುಗ್ಗಿದ ಗಾಳಿ ನೀರನ್ನು ಕಪ್ಪಾಗಿಸುತ್ತ ಬರುವುದನ್ನು ನಾನು ನೋಡಿದೆ. ತೆಪ್ಪ ಬುಗುರಿಯ ಹಾಗೆ ಸುತ್ತಿತು. ಯಜಮಾನರು ಹುಟ್ಟು ಹಾಕುತ್ತಿದ್ದರು, ಅದು ಹೋಗುತ್ತಿದ್ದುದು ಬೇರೆ ಕಡೆಗೆ. ಕೆರೆ ಒಣಗಿದ್ದ ಕಾಲದಲ್ಲಿ ಅದರ ತಳದ ತುಂಬ ಬೆಳೆದ ಬಳ್ಳಾರಿ ಜಾಲಿ ಈಗ ನೀರಿನಲ್ಲಿ ಅರ್ಧ ಮುಳುಗಿ ನಿಂತಿತ್ತು. ತೆಪ್ಪ ಅದರೊಳಕ್ಕೆ ಹೋಗಿ ಬಡಿಯಿತು. ಟಾರ್ಪಾಲು ಹರಿಯಿತು. ಅವಳ ಹಸಿರು ಸೀರೆ ನೀರಿಗಿಳಿದದ್ದು ಕಂಡಿತು. ಆಮೇಲೆ ಮಳೆ ಅಡ್ಡ ಬಂತು.

ನಾನು ಏರಿಯಿಂದ ಇಳಿದು ಓಡಿದೆ. ಆ ಅಮ್ಮ ನನ್ನ ಅಂಗಿ ಹಿಡಿದುಕೊಂಡರು.

"ಈಜು ಬತ್ತದಾ?"

"ಇಲ್ಲ."

"ಮತ್ತೆ ನಿಂತ್ಕಳಿ. ಅಲ್ಲಿ ಒಬ್ರನ್ನ ಎತ್ತಕ್ಕೆ ನಮ್ಮೋರು ಅವ್ರೆ. ನಿಮ್ಮನ್ನ ಯಾರು ಎತ್ತದು?"

ಗುಡುಗು ಹತ್ತಿರವಾದಾಗ ಅವರೇ ನನ್ನ ಭುಜ ಅದುಮಿ ಏರಿಯ ಬುಡದಲ್ಲಿ ಕೂರಿಸಿದರು. ನಾನು ಫೋನಿನಲ್ಲಿ ಗಂಟೆ ನೋಡಿದೆ. ಯಾಕೆ ನೋಡಿದೆನೋ ತಿಳಿಯದು. ಮೂರು ಐವತ್ತಾರು. ಮತ್ತೆ ಅವಳ ದನಿ ಕೇಳಿಸಿದಾಗ ನಾಲ್ಕು ಗಂಟೆ ಏಳು ನಿಮಿಷ. ಆ ಹನ್ನೊಂದು ನಿಮಿಷ ಅವಳು ಜಾಲಿಯ ಕೊಂಬೆಯನ್ನು ಮುಳ್ಳುಸಹಿತ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಕಾಲಿಗೆ ನೆಲ ಸಿಕ್ಕಿರಲಿಲ್ಲ. ಕ್ಯಾನುಗಳು ಅವಳ ಗಲ್ಲವನ್ನು ನೀರಿನ ಮೇಲೆ ಇಟ್ಟಿದ್ದವು.

ಗಾಳಿ ಇಳಿದ ಮೇಲೆ ಯಜಮಾನರು ಅವಳ ಸೊಂಟದ ಹಗ್ಗ ಹಿಡಿದು, ಕೊಂಬೆಯಿಂದ ಕೊಂಬೆಗೆ ಎಳೆದುಕೊಂಡು ದಡ ಮುಟ್ಟಿಸಿದರು. ಅವಳ ಅಂಗೈ ತುಂಬ ರಕ್ತ. ಹಲ್ಲು ಕಟಕಟ ಅನ್ನುತ್ತಿತ್ತು.

"ದಿಬ್ಬ ನೋಡಿ ಮುಗೀತೇನ್ರೀ?" ಎಂದಳು. ನಕ್ಕಳು. ಆಮೇಲೆ ನನ್ನ ಎದೆಗೆ ಹಣೆ ಒತ್ತಿ ಅತ್ತಳು.

ಯಜಮಾನರು ಲುಂಗಿ ಹಿಂಡುತ್ತ, "ತಪ್ಪು ನಂದು ಸಾ. ದಿಬ್ಬ ಒಂದನ್ನೇ ನಂಬ್ಕಂಡೆ. ರಾತ್ರಿ ಮಳೆ ಬಂತಾ ಅಂತ ಒಂದ್ ಮಾತು ಕೇಳ್ಬೇಕಿತ್ತು," ಎಂದರು. ಹೇಳಬೇಕಾಗಿದ್ದವನು ನಾನು.

ಆ ಕೆರೆಗೆ ನಾವು ಮತ್ತೆ ಹೋದೆವು. ಹಟ ಅವಳದು. ಬೆಳಗ್ಗೆ ಏಳು ಗಂಟೆಗೆ ನೀರಿಗಿಳಿದು, ಬಿಸಿಲು ಏರುವ ಮೊದಲು ದಡಕ್ಕೆ. ಮಧ್ಯಾಹ್ನದ ಮೇಲೆ ಇಲ್ಲ. ಕ್ಯಾನು ಅವಳೇ ಕಟ್ಟಿಕೊಳ್ಳುತ್ತಿದ್ದಳು, ಗಂಟು ನಾನು ಎಳೆದು ನೋಡುತ್ತಿದ್ದೆ. ಏರಿ ಹತ್ತಿದೊಡನೆ ಯಜಮಾನರಿಗೆ ರಾತ್ರಿ ನಮ್ಮ ಕಡೆ ಮಳೆ ಬಂತೋ ಇಲ್ಲವೋ ಎಂಬ ವರದಿ ಒಪ್ಪಿಸುತ್ತಿದ್ದೆ. "ಬಂದ್ರು ನಮ್ ರೇಡಿಯೋ," ಎಂದು ಅವರು ನಗುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು, ಮನೆಯಲ್ಲಿ, ಮಲಗಿದಲ್ಲೇ. ಆ ದಿನ ಕಂಡವರಲ್ಲಿ ಈಗ ಬದುಕಿರುವವರು ನಾನು, ಎಡಗೈಯಲ್ಲಿ ಮುಳ್ಳಿನ ಕಲೆ ಇರುವ ನನ್ನ ಹೆಂಡತಿ, ಟವೆಲು ಬೀಸಿದ ಆ ಅಮ್ಮ. ಮತ್ತೆ ಆ ಎಮ್ಮೆಗಳಲ್ಲಿ ಒಂದು, ಮೊದಲು ನೀರಿನಿಂದ ಎದ್ದು ಬಂದದ್ದು.