ಚಳಿಬಿದಿರು ಹೂ ಬಿಟ್ಟ ವಾರ

ಗಿಡಗಳಿಗೆ ನೀರು ಬಿಡುತ್ತಿದ್ದ ಸುಕನ್ಯಾ ಪೈಪನ್ನು ಕೆಳಗಿಟ್ಟು ಬಗ್ಗಿ ನೋಡಿದಳು. ಹಸಿರು ಬಲೆಯ ನೆರಳಲ್ಲಿ ಸಾಲಾಗಿಟ್ಟಿದ್ದ ಬಿದಿರಿನ ಕುಂಡಗಳಲ್ಲಿ ಒಂದರ ತುದಿಗೆ, ಎಲೆ ಇರಬೇಕಾದ ಕಡೆ, ಕಂದುಬಣ್ಣದ ಕಾಳಿನಂಥದ್ದೇನೋ ಜೋತುಬಿದ್ದಿತ್ತು. ಹುಳದ ಮೊಟ್ಟೆ ಇರಬೇಕೆಂದು ಉಗುರಿನಿಂದ ಚಿವುಟಿದಳು. ಬೆರಳಿಗೆ ಹಳದಿ ಪುಡಿ ಅಂಟಿತು.

ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಅತ್ತೆ ದೇವೀರಮ್ಮ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿದರು.

“ಹೂವು ಕಣೆ ಇದು. ಎಲ್ಲಿತ್ತು?”

“ನಮ್ಮ ಬಿದಿರಲ್ಲೇ, ಅತ್ತೆ.”

ದೇವೀರಮ್ಮ ಅಗಿಯುವುದನ್ನು ನಿಲ್ಲಿಸಿದರು. ಅವರು ಹುಡುಗಿಯಾಗಿದ್ದಾಗ ಕೆಳಗಿನ ಕಾಡಿನ ಬಿದಿರೆಲ್ಲ ಒಟ್ಟಿಗೆ ಹೂ ಬಿಟ್ಟಿತ್ತು. ಊರಿನ ಹೆಂಗಸರು ಮೆಳೆಗಳ ಬುಡ ಗುಡಿಸಿ, ಉದುರಿದ ಬಿದಿರಕ್ಕಿ ಆರಿಸಿ ತಂದಿದ್ದರು. ಮರುವರ್ಷ ಆ ಗುಡ್ಡದ ಮಗ್ಗುಲಲ್ಲಿ ಒಂದು ಹಸಿರು ಗಳವೂ ಉಳಿದಿರಲಿಲ್ಲ. ಬಿದಿರು ಹೂ ಬಿಡುವುದು ಒಂದೇ ಸಲ, ಆಮೇಲೆ ಸಾಯುತ್ತದೆ. ಇದನ್ನು ಅವರು ಸೊಸೆಗೆ ಹೇಳಿದ್ದು ಮೆಲ್ಲಗೆ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಹೇಳುವ ಹಾಗೆ.

ಗುಡ್ಡದ ಮೇಲಿನ ಅತ್ತಿಗುಂಡಿಯ ಸುಕನ್ಯಾ ಮೊದಲು ಕಾಫಿ ಎಸ್ಟೇಟಿನಲ್ಲಿ ಕೂಲಿಗೆ ಹೋಗುತ್ತಿದ್ದವಳು. ವಸ್ತಾರೆಯ ಪ್ಲಾಂಟರ್ ಒಬ್ಬರು ಹಿಮಾಲಯದ ಕಡೆಯಿಂದ ತರಿಸಿದ್ದ ಬಿದಿರೊಂದು ಅಲ್ಲಿಯ ಬಿಸಿಲಿಗೆ ಸೊರಗಿತ್ತು. ಅವರ ಹೆಂಡತಿ ಶಂಕರಮ್ಮ, “ನಿಮ್ಮ ಚಳಿಗಾದ್ರೂ ಬದುಕುತ್ತೇನೋ ನೋಡು” ಎಂದು ಅದರ ಬುಡದಿಂದ ಒಂದು ಹೋಳು ಕೊಟ್ಟರು. ಅತ್ತಿಗುಂಡಿಯ ಗಾಳಿ, ಮಂಜು ಅದಕ್ಕೆ ಒಗ್ಗಿತು. ಸೊಂಟದೆತ್ತರ ದಾಟಿ, ತೆಳ್ಳಗಿನ ಗಳಗಳು ಸುತ್ತಲೂ ಬಾಗಿ, ನೋಡಿದವರೆಲ್ಲ ಕೇಳುವಂತಾಯಿತು. ಹೋಂಸ್ಟೇಗಳವರು ಬೇಲಿಗೆಂದು ಒಯ್ಯತೊಡಗಿದರು. ಚಳಿಬಿದಿರು ಎಂಬ ಹೆಸರು ಅವಳೇ ಇಟ್ಟದ್ದು. ಒಂದು ತುಂಡಿನ ಎಲೆಯಲ್ಲಿ ಹಳದಿ ಗೆರೆ ಬಂತು. ಅದನ್ನು ಬೇರೆ ಮಾಡಿ ‘ಗೆರೆ’ ಎಂದಳು. ಮೊಣಕಾಲೆತ್ತರಕ್ಕೇ ನಿಂತ ಇನ್ನೊಂದು ‘ಕುಳ್ಳಿ’ ಆಯಿತು. ಕೂಲಿ ಬಿಟ್ಟಳು.

ಕಾಳುಮೆಣಸಿನ ಬಳ್ಳಿ ಬೆಳೆಸುವವರು ಚೆನ್ನಾಗಿ ಫಸಲು ಕೊಡುವ ಒಂದು ತಾಯಿಬಳ್ಳಿ ಆರಿಸಿಕೊಂಡು ಅದರಿಂದಲೇ ತುಂಡು ಕತ್ತರಿಸುತ್ತಾರೆ. ಈ ಗುಡ್ಡಗಳಲ್ಲಿ ಎಲ್ಲರೂ ಮಾಡುವ ಕೆಲಸ ಅದು. ಸುಕನ್ಯಾ ಬಿದಿರಿಗೂ ಹಾಗೆಯೇ ಮಾಡಿದ್ದಳು. ಅವಳ ಬಲೆಯ ಕೆಳಗಿದ್ದುದೆಲ್ಲ ಆ ಒಂದೇ ಹೋಳಿನ ತುಂಡುಗಳು.

“ಹೊಸ ಗಿಡ ಅಲ್ವಾ ಅತ್ತೆ ಇವು? ಹೋದ ಮಳೆಗಾಲದಲ್ಲಿ ಕಿತ್ತು ನೆಟ್ಟಿದ್ದು.”

“ತುಂಡು ಮಾಡಿದ್ರೆ ವಯಸ್ಸೂ ತುಂಡಾಗುತ್ತೇನೆ?” ಅಂದರು ದೇವೀರಮ್ಮ.

ಸುಕನ್ಯಾ ಗೆರೆಯ ಸಾಲಿಗೆ ಹೋದಳು. ಅಲ್ಲೂ ಇತ್ತು. ಕುಳ್ಳಿಯ ಗಳ ಬಗ್ಗಿಸಿ ನೋಡಿದಳು. ಗೆಣ್ಣು ಗೆಣ್ಣಿನಲ್ಲೂ ಕಾಳು ಬಿಚ್ಚಿಕೊಳ್ಳುತ್ತಿತ್ತು.

ಗುಡ್ಡದ ಮೇಲೆ ಹೊಸ ಹೋಂಸ್ಟೇ ಕಟ್ಟಿಸಿದ್ದ ರಾಜೇಶ್, ಗಾಳಿಗೆ ಅಡ್ಡವಾಗಿ ನೆಡಲು ಬಲೆಯ ಕೆಳಗಿನ ಅಷ್ಟೂ ಗಿಡ ಬೇಕೆಂದು ಹೇಳಿಟ್ಟಿದ್ದ. ಶುಕ್ರವಾರ ಜೀಪು ಬರುವುದಿತ್ತು.

“ಚಿವುಟಿ ಹಾಕೇ. ಹೂ ಬಿಟ್ಟಿತ್ತು ಅಂತ ಅವ್ರಿಗೆ ಕನಸು ಬೀಳುತ್ತಾ?” ಅಂದ ಗಂಡ ಯೋಗೇಶ್. ಇಬ್ಬರೂ ಕೂತು ಚಿವುಟಿದರು. ಬೆಳಗಾದಾಗ ಕೆಳಗಿನ ಗೆಣ್ಣುಗಳಲ್ಲೂ ಬಂದಿತ್ತು, ಎಲೆ ವಿರಳವಾಗಿತ್ತು. ಯೋಗೇಶ್ ಈ ಸಲ ಕತ್ತರಿ ಹಿಡಿದ. ಸುಕನ್ಯಾ ಹಿಡಿಯಲಿಲ್ಲ.

ಅಷ್ಟರಲ್ಲಿ ಶಂಕರಮ್ಮನ ಫೋನು ಬಂತು.

“ಸುಕನ್ಯಾ, ಇಲ್ಲಿ ಉಳಿದಿದ್ದ ಬಿದಿರಿಗೆ ಎಂಥದೋ ಹುಳ ಬಿದ್ದಿದೆ ಕಣೆ. ತುದಿ ತುಂಬ ಕಂದು ಕಾಳು. ನಿಂದಕ್ಕೇನು ಹೊಡೀತೀಯ?”

“ಹುಳ ಅಲ್ಲ ಅಮ್ಮಾವ್ರೆ,” ಅಂದಳು ಸುಕನ್ಯಾ. ಆಮೇಲೆ ಮಾಡ್ತೀನಿ ಎಂದು ಫೋನಿಟ್ಟಳು. ಮಧ್ಯಾಹ್ನ ಬಣಕಲ್‌ನಿಂದ ಗಿಡ ಒಯ್ದಿದ್ದ ಒಬ್ಬರು ಮೊಬೈಲಿಗೆ ಫೋಟೊ ಕಳಿಸಿದರು. ಹೆದ್ದಾರಿ ಪಕ್ಕದ ಅವರ ಬೇಲಿಯುದ್ದಕ್ಕೂ ಅದೇ ಕಾಳು. ಕೆಳಗೆ, “ಇದು ಚೆನ್ನಾಗಿ ಬರ್ತಿದೆ ಅಂತ ಲೆಕ್ಕವಾ?” ಎಂದು ಬರೆದಿದ್ದರು.

ಶುಕ್ರವಾರ ರಾಜೇಶ್ ಜೀಪಿನ ಹಿಂಬಾಗಿಲು ತೆಗೆದೇ ಬಂದ.

“ಏನು, ಒಂದನ್ನೂ ಹೊರಗೆ ಇಟ್ಟಿಲ್ವಲ್ಲ ಮಾರಾಯ್ತಿ.”

“ತಗೊಂಡು ಹೋಗ್ಬೇಡಿ ರಾಜೇಶಣ್ಣ. ಇವು ಬದುಕಲ್ಲ.”

ಯೋಗೇಶ್ ಮುಖ ತಿರುಗಿಸಿಕೊಂಡ. ರಾಜೇಶ್ ಒಂದು ಗಳ ಬಗ್ಗಿಸಿ, ಹೂ ನೋಡಿ, ನಕ್ಕ.

“ಇಷ್ಟು ಚಂದ ಇದೆ. ಗೆಸ್ಟುಗಳು ಫೋಟೊ ಹೊಡ್ಕೊಳ್ಳಲಿ ಬಿಡು.”

“ಮುಂದಿನ ವರ್ಷ ನಿಮ್ಮ ಗುಡ್ಡದ ಮೇಲೆ ಒಣಗಿದ ಕಡ್ಡಿ ನಿಂತಿರುತ್ತೆ. ಬೇಸಿಗೆಯಲ್ಲಿ ಯಾರಾದ್ರೂ ಬೀಡಿ ಎಸೆದ್ರೆ ಮನೆಗೇ ಬರುತ್ತೆ ಬೆಂಕಿ.”

ರಾಜೇಶ್ ನಗು ನಿಲ್ಲಿಸಿದ. “ಈಗಾಗ್ಲೇ ನೆಟ್ಟವರಿಗೆ ಹೇಳಿದ್ದೀಯಾ?”

“ಇನ್ನೂ ಇಲ್ಲ.”

“ಹೇಳಿದ್ರೆ ಆಮೇಲೆ ಯಾರೂ ನಿನ್ನ ಹತ್ರ ಒಂದು ತುಳಸಿ ಗಿಡಾನೂ ತಗೊಳ್ಳಲ್ಲ, ಗೊತ್ತಲ್ಲ?”

ಖಾಲಿ ಜೀಪು ತಿರುವು ದಾಟಿದ ಮೇಲೆ ಸುಕನ್ಯಾ ಮೊದಲು ಶಂಕರಮ್ಮನಿಗೆ ಫೋನು ಮಾಡಿದಳು, ಆಮೇಲೆ ಬಣಕಲ್‌ಗೆ, ಆಮೇಲೆ ನೆನಪಿದ್ದ ಒಬ್ಬೊಬ್ಬರಿಗೆ. ಕೆಲವರು ಬೈದರು. ಕೆಲವರು ಮಾತು ಮುಗಿಯುವ ಮೊದಲೇ ಇಟ್ಟರು. ಎಲ್ಲರ ಬೇಲಿಯಲ್ಲೂ ಹೂ ಬಂದಿತ್ತು.

ಸಂಜೆ ಯೋಗೇಶ್ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಜಯದೇವಪ್ಪನವರನ್ನು ಕಂಡು ಬಂದ. ಸೋಮವಾರದಿಂದ ಸುಕನ್ಯಾ ಮತ್ತೆ ಕೂಲಿಗೆ ಹೋಗುತ್ತಾಳೆ.